ವಿವಾಹದಲ್ಲಿ ಕೈಗೆಲಸದ ಅಲಂಕಾರವೂ ಮಿತವ್ಯಯವೂ

(ಹೊಂಬಳದ ಸದ್ಭಕ್ತರನ್ನು ಉದ್ದೇಶಿಸಿದ ಉಪನ್ಯಾಸ)





ಮಠದ ಮಹೋತ್ಸವದಲ್ಲಿ ಅಷ್ಟಾವರಣ, ಷಟ್‌ಸ್ಥಲ ಮೊದಲಾದ ಗಹನ ವಿಷಯಗಳ ವಿವೇಚನೆ ನಡೆಯುವುದು ಸಹಜವು. ಅವುಗಳ ನಡುವೆ ಮದುವೆಯ ಹಂದರ, ತೋರಣ, ರಂಗವಲ್ಲಿಗಳ ಮಾತು ಹಗುರವಾದುದೆಂದು ಕೆಲವರಿಗೆ ತೋರಬಹುದು. ಆದರೆ ಭಕ್ತನು ಸಂಸಾರಿಯು. ಅವನ ಸಂಸಾರವು ಮೊದಲಾಗುವುದು ವಿವಾಹದಿಂದ. ಆ ಮೊದಲ ಹೆಜ್ಜೆಯೇ ಸಾಲದ ಹೊಸ್ತಿಲನ್ನು ದಾಟಿ ಇಡಲ್ಪಟ್ಟರೆ ಮುಂದಿನ ಕಾಯಕವೂ ದಾಸೋಹವೂ ಸಾಹುಕಾರನ ಪಾಲಾಗುವವು. ಆದಕಾರಣ ಮದುವೆಯ ಅಲಂಕಾರವನ್ನು ಹೇಗೆ ಮಾಡಬೇಕು, ಎಷ್ಟರಲ್ಲಿ ಮಾಡಬೇಕು ಎಂಬುದು ಧರ್ಮವಿಚಾರವೇ ಹೊರತು ಬರಿಯ ಸೊಗಸಿನ ವಿಚಾರವಲ್ಲ.

ಮೊದಲು ಅಲಂಕಾರವೆಂದರೇನೆಂಬುದನ್ನು ತಿಳಿಯತಕ್ಕದ್ದು. ಈ ನಾಡಿನ ಮದುವೆಯಲ್ಲಿ ಅಲಂಕಾರವು ವಿಧಿಯಿಂದ ಬೇರೆಯಾದ ವಸ್ತುವಲ್ಲ. ಹಾಲುಗಂಬವನ್ನು ನೆಟ್ಟು ಹಂದರ ಹಾಕುವುದು ವಿಧಿಯೂ ಹೌದು, ಶೋಭೆಯೂ ಹೌದು. ಕುಂಬಾರರ ಮನೆಯಿಂದ ವಾದ್ಯದೊಡನೆ ಐರಾಣಿ ತರುವುದು, ಅದಕ್ಕೆ ಸುಣ್ಣ ಕೆಮ್ಮಣ್ಣುಗಳಿಂದ ಚಿತ್ರ ಬರೆಯುವುದು, ನಾಲ್ಕು ಮೂಲೆಗೆ ತಂಬಿಗೆಗಳನ್ನಿಟ್ಟು ನೂಲು ಸುತ್ತಿ ಸುರಗಿಯ ನೀರೆರೆಯುವುದು, ಕಲಶವನ್ನು ಸಿಂಗರಿಸುವುದು, ಬಾಸಿಂಗ ಕಟ್ಟುವುದು, ಅಕ್ಕಿಕಾಳಿಗೆ ಅರಿಷಿಣ ಹಚ್ಚುವುದು, ಇವೆಲ್ಲವೂ ಕೈಯಿಂದ ಆಗತಕ್ಕ ಕಾರ್ಯಗಳು. ಮನೆಯವರೂ ಓಣಿಯವರೂ ಕೂಡಿ ಮಾಡುವುದರಿಂದಲೇ ಅವಕ್ಕೆ ಅರ್ಥವುಂಟು. ಅವುಗಳನ್ನು ಹಣ ಕೊಟ್ಟು ಹೊರಗಿನವರಿಂದ ಮಾಡಿಸಿಕೊಂಡಲ್ಲಿ ಕಣ್ಣಿಗೆ ಕಾಣುವ ಭಾಗವು ಉಳಿದೀತು. ಕೂಡಿ ಮಾಡಿದೆವೆಂಬ ಭಾವವು ಉಳಿಯದು.

ಇನ್ನು ಕಾಯಿದೆಯ ಮಾತು. 1955ರ ಹಿಂದೂ ವಿವಾಹ ಕಾಯಿದೆಯು ತನ್ನ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಹೇಳಿರುವುದು. 7ನೆಯ ಕಲಮಿನಲ್ಲಿ ವಧೂವರರ ಪೈಕಿ ಯಾರೊಬ್ಬರ ಕಡೆಯ ಸಂಪ್ರದಾಯದಂತೆ ಮದುವೆ ನಡೆದರೂ ಸಿಂಧುವೆಂದು ವಿಧಿಸಿರುವುದು. ಅಲ್ಲಿ ದೀಪಗಳ ಸಾಲಿಗಾಗಲಿ, ಪರದೆಯ ಮಂಟಪಕ್ಕಾಗಲಿ, ಸಿಂಹಾಸನದಂಥ ಪೀಠಕ್ಕಾಗಲಿ ಸ್ಥಾನವಿಲ್ಲ. ಐದು ಕಲಶಗಳನ್ನಿಟ್ಟು ನಡೆಸುವ ಮದುವೆಯಿರಲಿ, ವಚನಪಠಣಪೂರ್ವಕವಾಗಿ ನಡೆಸುವ ಮದುವೆಯಿರಲಿ, ಎರಡಕ್ಕೂ ಬೇಕಾದುದು ಗುರುಹಿರಿಯರ ಸಾಕ್ಷಿ ಮತ್ತು ವಧೂವರರ ಒಪ್ಪಿಗೆ. ಹೀಗೆ ಶಾಸ್ತ್ರವೂ ಬೇಡದ, ಕಾಯಿದೆಯೂ ಕೇಳದ ವೆಚ್ಚವನ್ನು ಕೇಳುವವರು ಯಾರು? ಜನರ ಬಾಯಿ ಮಾತ್ರ.

ಆ ಬಾಯಿಗೆ ಹೆದರಿ ಮಾಡಿದ ವೆಚ್ಚದ ಲೆಕ್ಕವನ್ನು ಒಮ್ಮೆ ನೋಡಬೇಕು. ಹೊಂಬಳವು ಗದಗ ತಾಲೂಕಿನ ಎರೆಭೂಮಿಯ ಗ್ರಾಮವು. ಜೋಳ, ಹತ್ತಿ, ಕಡಲೆ, ಶೇಂಗಾಗಳನ್ನು ನೆಚ್ಚಿದ ಒಕ್ಕಲುತನಕ್ಕೆ ಮಳೆಯೇ ಆಧಾರವು. ಇಂಥ ಸೀಮೆಯ ಒಬ್ಬ ಸಾಧಾರಣ ರೈತನು ಒಂದು ಸಂಜೆಯ ಮಂಟಪದ ಶೃಂಗಾರಕ್ಕೆಂದು 50,000 ರೂಪಾಯಿ ಸಾಲ ತಂದನೆಂದು ಭಾವಿಸಿರಿ. ನೂರಕ್ಕೆ ತಿಂಗಳಿಗೆ 2 ರೂಪಾಯಿಯಂತೆ ಬಡ್ಡಿಯಾದರೆ ತಿಂಗಳೊಂದಕ್ಕೆ 1,000 ರೂಪಾಯಿ ಆಗುವುದು. 50 ತಿಂಗಳು, ಅಂದರೆ ನಾಲ್ಕು ವರುಷ ಎರಡು ತಿಂಗಳು ಕಳೆಯುವಷ್ಟರಲ್ಲಿ ಬಡ್ಡಿಯೇ ಅಸಲನ್ನು ಸರಿಗಟ್ಟುವುದು. ಅಸಲು ಇದ್ದಂತೆಯೇ ಇರುವುದು. ಮಂಟಪದ ಹೂವು ಮರುದಿನವೇ ಬಾಡಿರುತ್ತದೆ. ಮದುವೆಯಾದ ಮಗಳು ತನ್ನ ಕೂಸನ್ನು ಶಾಲೆಗೆ ಕಳುಹುವ ಕಾಲಕ್ಕೂ ತವರಿನವರು ಆ ಬಾಡಿದ ಹೂವಿನ ಬಡ್ಡಿಯನ್ನು ತೆರುತ್ತಿರುವರು. ನಡುವೆ ಒಂದು ವರುಷ ಮಳೆ ಕೈಕೊಟ್ಟರೆ ಹೊಲವೇ ಅಡವಿಗೆ ಬೀಳುವುದು.

ರೈತನ ಈ ದುರವಸ್ಥೆಯನ್ನು ಕಂಡು ಮರುಗಿದವರು ಇದೇ ಸೀಮೆಯಲ್ಲಿ ಹಿಂದೆಯೂ ಇದ್ದರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರುಷವೇ, ಅಂದರೆ 1905ರಲ್ಲಿ, ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ರೈತನು ದುಬಾರಿ ಬಡ್ಡಿಯ ಬಲೆಯಿಂದ ಪಾರಾಗಬೇಕೆಂಬುದೇ ಅದರ ಉದ್ದೇಶವು. ಅಂಥ ಪುಣ್ಯಕಾರ್ಯ ನಡೆದ ನೆರೆಹೊರೆಯಲ್ಲಿ ಮದುವೆಯ ಹಂದರಕ್ಕಾಗಿ ರೈತನು ತಾನಾಗಿಯೇ ಮರಳಿ ಆ ಬಲೆಗೆ ಹೋಗಿ ಬೀಳುವುದು ವಿವೇಕವಲ್ಲ. ಸಾಲ ತರುವ ದಾರಿ ಸುಲಭವಾದ ಮಾತ್ರಕ್ಕೆ ಸಾಲದ ಕಾರಣವು ಯೋಗ್ಯವಾಗದು.

ಹಾಗಾದರೆ ಮದುವೆಯ ಮನೆ ಬೋಳಾಗಿರಬೇಕೇ? ಎಂದಿಗೂ ಇಲ್ಲ. ಹೊಲವೂ ಮನೆಯೂ ಕೊಡುವ ವಸ್ತುಗಳಿಂದಲೇ ಹಂದರವು ಕಣ್ಣಿಗೆ ಹಬ್ಬವಾಗಬಲ್ಲುದು. ಈ ಎರೆನಾಡಿನಲ್ಲಿ ತೆಂಗಿನ ಗರಿ ದುರ್ಲಭವು. ಜೋಳದ ಕಣಿಕಿ ಹೇರಳವು. ಆದುದರಿಂದ ಬಿದಿರು ಗಳಗಳನ್ನು ನಿಲ್ಲಿಸಿ ಮೇಲೆ ಕಣಿಕಿಯನ್ನು ಒತ್ತಾಗಿ ಹರಹಿ, ಅಂಚಿಗೆ ಬೇವಿನ ತಪ್ಪಲು ಮಾವಿನ ತಳಿರುಗಳನ್ನು ಕಟ್ಟಿದರೆ ತಂಪಾದ ನೆರಳು ದೊರೆಯುವುದು. ಮದುವೆ ಮುಗಿದ ತರುವಾಯ ಗಳಗಳು ಕೊಟ್ಟವರ ಮನೆಗೆ ಹೋಗುವವು; ಕಣಿಕಿಯು ತೋಯದೆ ಕೆಡದೆ ಇದ್ದರೆ ಎತ್ತುಗಳ ಗೋದಲಿಗೆ ಸೇರುವುದು. ಹೀಗೆ ಎರಡು ದಿನ ಮದುಮಕ್ಕಳಿಗೆ ನೆರಳಾದುದು ಮೂರನೆಯ ದಿನ ಬಸವಣ್ಣನಿಗೆ ಮೇವಾಗುವುದು. ಇದಕ್ಕಿಂತ ಮಿಗಿಲಾದ ಮಿತವ್ಯಯ ಯಾವುದು? ಒಂದು ಎಚ್ಚರಿಕೆ ಮಾತ್ರ ಅವಶ್ಯವು. ಒಣಗಿದ ಕಣಿಕಿಗೆ ಬೆಂಕಿ ಬೇಗ ತಗಲುವುದು. ಅಡಿಗೆಯ ಒಲೆಗಳನ್ನು ದೂರದಲ್ಲಿ, ಗಾಳಿ ಬೀಸುವ ದಿಕ್ಕನ್ನು ನೋಡಿ ಹೂಡಬೇಕು. ವಿದ್ಯುತ್ತಿನ ತಂತಿಯನ್ನು ಹಂದರದ ಚಾವಣಿಗೆ ತಗಲದಂತೆ ಎಳೆಯಬೇಕು. ನೀರಿನ ಕೊಡಗಳನ್ನು ಬಳಿಯಲ್ಲಿ ತುಂಬಿಡಬೇಕು.

ತೋರಣದ ಲೆಕ್ಕವೂ ಸುಲಭವು. 30 ಅಡಿ ಉದ್ದ 20 ಅಡಿ ಅಗಲದ ಹಂದರದ ಸುತ್ತಳತೆ 100 ಅಡಿ. ಅರ್ಧ ಅಡಿಗೊಂದರಂತೆ ಎಲೆ ಪೋಣಿಸಿದರೆ 200 ಎಲೆಗಳು ಸಾಕು. ಪುಂಡಿಯ ನಾರನ್ನು ಹೊಸೆದು ಹುರಿ ಮಾಡಿಕೊಂಡರೆ ಪೇಟೆಯ ದಾರವೂ ಬೇಡ. ಎಲೆಯನ್ನು ಬಿಸಿಲೇರುವ ಮೊದಲೇ ಕೊಯ್ದು, ಒದ್ದೆ ಅರಿವೆಯಲ್ಲಿ ಸುತ್ತಿಟ್ಟು, ಹಂದರಕ್ಕೆ ಏರಿಸುವ ಹೊತ್ತಿಗೆ ನೀರು ಚಿಮುಕಿಸಬೇಕು. ಆಗ ಅದು ಮರುದಿನದವರೆಗೂ ಹಸುರಾಗಿರುವುದು. ಒಂದೇ ಗಿಡವನ್ನು ಬರಿದು ಮಾಡದೆ ಹಲವು ಗಿಡಗಳಿಂದ ಸ್ವಲ್ಪ ಸ್ವಲ್ಪವಾಗಿ ಕೊಯ್ಯುವುದು ಲೇಸು. ಮದುವೆಯ ಶೋಭೆಗಾಗಿ ಮುಂದಿನ ಫಲವನ್ನು ಕೆಡಿಸತಕ್ಕದ್ದಲ್ಲ.

ನೆಲದ ಅಲಂಕಾರಕ್ಕೆ ಸಗಣಿಯ ಸಾರಣೆ, ಅದರ ಮೇಲೆ ರಂಗವಲ್ಲಿ. ಬಿಳಿಗೆ ರಂಗೋಲಿಯ ಪುಡಿ, ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಅರಿಷಿಣ. ಅರಿಷಿಣಕ್ಕೆ ಸುಣ್ಣವನ್ನು ಕೂಡಿಸಿದರೆ ಬೇರೊಂದು ಕೆಂಪು ಹುಟ್ಟುವುದು. ಗೋಡೆಗೆ ಸುಣ್ಣ ಬಳಿದು ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದು ಅದರ ಮೇಲೆ ಬಿಳಿಯ ಎಳೆಗಳನ್ನು ಬಿಡಿಸಿದರೆ ಆ ಮನೆಯು ಮದುವೆಯ ಮನೆಯೆಂದು ಓಣಿಯ ತುದಿಯಿಂದಲೇ ತಿಳಿಯುವುದು. ಹೆಣ್ಣುಮಕ್ಕಳ ಕೈಯಲ್ಲಿ ಈ ವಿದ್ಯೆ ಇನ್ನೂ ಇದೆ. ಅಜ್ಜಿಯಿಂದ ಮೊಮ್ಮಗಳು ಕಲಿಯುವುದಕ್ಕೆ ಮದುವೆಯ ಮನೆಗಿಂತ ಮಿಗಿಲಾದ ಪಾಠಶಾಲೆಯಿಲ್ಲ. ಬಾಡಿಗೆಯ ಅಲಂಕಾರವು ಬಂದಲ್ಲಿ ಆ ಪಾಠಶಾಲೆಯು ಮುಚ್ಚುವುದು.

ವಸ್ತ್ರಗಳ ವಿಷಯವೂ ಇದಕ್ಕೆ ಸೇರಿದುದೇ. ಹಿಂದಿನ ಕಾಲದಲ್ಲಿ ಧಾರವಾಡ ಸೀಮೆಯ ಮದುಮಗಳಿಗೆ ಕಸೂತಿ ಹಾಕಿದ ಚಂದ್ರಕಾಳಿ ಸೀರೆಯು ಒಡವೆಗೆ ಸಮನಾದುದಾಗಿತ್ತು. ಗೋಪುರ, ತೇರು, ಆನೆ, ನವಿಲು, ಕಮಲಗಳನ್ನು ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ಹೊಲಿಗೆಗಳಿಂದ ನೂಲಿನ ಎಳೆಗಳನ್ನು ಎಣಿಸಿ ಬಿಡಿಸುತ್ತಿದ್ದರು. ಹಳೆಯ ಸೀರೆಗಳ ತುಣುಕುಗಳನ್ನು ಕೂಡಿಸಿ ಹೊಲಿದ ಕೌದಿಯು ಈ ಸೀಮೆಯ ಮನೆಮನೆಯಲ್ಲಿಯೂ ಉಂಟು. ಮದುಮಕ್ಕಳು ಕೂಡುವ ಗದ್ದುಗೆಯ ಹಿಂದೆ ಬಾಡಿಗೆಯ ಹೊಳೆಯುವ ಪರದೆಗೆ ಬದಲಾಗಿ ಅಂಥ ಒಂದು ಹೊಸ ಕೌದಿಯನ್ನು ಇಳಿಬಿಟ್ಟರೆ ಸಾಲದೇ? ಅದರಲ್ಲಿ ಅಜ್ಜಿಯ ಸೀರೆಯ ಸೆರಗು, ತಾಯಿಯ ಸೀರೆಯ ಅಂಚು, ಸೋದರತ್ತೆಯ ಕುಪ್ಪಸದ ಕಣ ಎಲ್ಲವೂ ಇರುವವು. ಮದುವೆಯಾದ ಮೇಲೆ ಅದೇ ಕೌದಿಯು ಹೊಸ ಮನೆಯ ಹಾಸಿಗೆಯಾಗುವುದು, ಮುಂದೆ ಕೂಸಿನ ತೊಟ್ಟಿಲಿಗೂ ಆಗುವುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುವುದು ಅವಶ್ಯವು. ಮಿತವ್ಯಯವೆಂದರೆ ದುಡಿದವನ ಕೂಲಿಯನ್ನು ಕಡಿಯುವುದಲ್ಲ. ಐರಾಣಿಯ ಗಡಿಗೆಯನ್ನು ಕುಂಬಾರನಿಂದ ಚೌಕಾಸಿ ಮಾಡಿ ತಂದು, ಹೂಗಾರನ ಹೂವು ಬಾಸಿಂಗಗಳಿಗೆ ಅರ್ಧ ಬೆಲೆ ಕೊಟ್ಟು, ಊರ ವಾದ್ಯದವರನ್ನು ಊಟಕ್ಕೆ ಮಾತ್ರ ಕರೆದು, ಅದನ್ನು ಸರಳ ವಿವಾಹವೆಂದು ಹೊಗಳಿಕೊಂಡರೆ ಅದು ಲೋಭವೇ ಹೊರತು ಸರಳತೆಯಲ್ಲ. ಶರಣರು ಕಾಯಕಕ್ಕೆ ಮೇಲುಕೀಳನ್ನು ಎಣಿಸಲಿಲ್ಲ. ಕುಂಬಾರ ಗುಂಡಯ್ಯನೂ ಹೂಗಾರ ಮಾದಯ್ಯನೂ ಶರಣರ ಸಾಲಿನಲ್ಲಿ ಪೂಜ್ಯರು. ಹಿಂದೆ ಸುಗ್ಗಿಯಲ್ಲಿ ಕಣದಿಂದ ಆಯಗಾರರಿಗೆ ಕಾಳು ಸಲ್ಲುತ್ತಿದ್ದುದರಿಂದ ಮದುವೆಯ ಗಡಿಗೆಗೆ ಬೇರೆ ಬೆಲೆಯ ಮಾತು ಅಷ್ಟಾಗಿ ಇರಲಿಲ್ಲ. ಆ ಪದ್ಧತಿಯು ಸಡಲಿದ ಮೇಲೆ ಕೈಗೆಲಸದವರಿಗೆ ರೊಕ್ಕವೇ ಆಧಾರವು. ಆದುದರಿಂದ ದೂರದ ಪೇಟೆಯ ಅಲಂಕಾರದವನಿಗೆ ಕೊಡುವ ಹಣದಲ್ಲಿ ನಾಲ್ಕನೆಯ ಒಂದು ಪಾಲನ್ನು ಊರ ಕುಂಬಾರ, ಹೂಗಾರ, ಮೇದಾರ, ಬೆಟಗೇರಿಯ ನೇಕಾರ ಇವರಿಗೆ ತೃಪ್ತಿಯಾಗಿ ಕೊಟ್ಟರೂ ಮದುವೆಯ ಮನೆಗೆ ಮೂರು ಪಾಲು ಉಳಿಯುವುದು. ಊರ ಹಣವೂ ಸೀಮೆಯಲ್ಲಿಯೇ ಉಳಿಯುವುದು.

ಹಾಗೆಯೇ ಕೈಗೆಲಸದ ಹೆಸರಿನಲ್ಲಿ ಭಾರವೆಲ್ಲವೂ ಹೆಂಗಸರ ಹೆಗಲಿಗೆ ಬೀಳಬಾರದು. ಗಂಡಸರು ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಮೆಲ್ಲುತ್ತಿರಲು, ಹೆಂಗಸರು ಸಾರಿಸಿ, ರಂಗೋಲಿ ಹಾಕಿ, ರೊಟ್ಟಿ ಬಡಿದು, ನಡುರಾತ್ರಿಯವರೆಗೆ ಹೂ ಕಟ್ಟಿದರೆ ಉಳಿತಾಯವು ಅವರ ದೇಹದಿಂದ ತೆಗೆದುದಾಗುವುದು. ಹಂದರ, ತೋರಣ, ನೀರು, ಎಲೆಗಳ ಕೆಲಸಗಳು ಗಂಡಸರಿಗೆ ಸೇರತಕ್ಕವು. ಹೊಲದ ಕೆಲಸಕ್ಕೆ ಮುಯ್ಯಾಳು ಎಂಬ ಪದ್ಧತಿಯುಂಟಲ್ಲವೇ? ಇಂದು ನಿಮ್ಮ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ನೀವು. ಅದೇ ಪದ್ಧತಿಯನ್ನು ಮದುವೆಗೂ ತರಬೇಕು. ಮುಯ್ಯಿಯೆಂದು ಪಾತ್ರೆ ಬಟ್ಟೆಗಳನ್ನು ಕೊಡುವುದಕ್ಕೆ ಬದಲು ಒಂದು ದಿನದ ದುಡಿಮೆಯನ್ನು ಕೊಟ್ಟರೆ ಕೊಟ್ಟವನಿಗೆ ಸಾಲವಾಗದು, ಕೊಂಡವನಿಗೆ ಹೊರೆಯಾಗದು. ಮಠಗಳ ಜಾತ್ರೆಗೆ ಮನೆಮನೆಯಿಂದ ರೊಟ್ಟಿಯನ್ನು ಕಟ್ಟಿ ಬಂಡಿಯಲ್ಲಿ ತರುವ ಭಕ್ತರು ಈ ಸೀಮೆಯಲ್ಲಿ ಬಹಳ. ದಾಸೋಹಕ್ಕೆ ರೊಟ್ಟಿ ಕೊಡುವ ಆ ಕೈಗಳೇ ಬಡವನ ಮದುವೆಗೂ ಮನೆಗಿಷ್ಟು ರೊಟ್ಟಿ ಬಡಿದು ಕೊಟ್ಟರೆ ಅದೂ ದಾಸೋಹವೇ. ಉಣ್ಣಲು ಮುತ್ತಲ ಎಲೆಗಳನ್ನು ಕಡ್ಡಿಯಿಂದ ಹಚ್ಚಿದ ಪತ್ರಾವಳಿಗಳಿರಲಿ. ಉಂಡ ಮೇಲೆ ಅವು ತಿಪ್ಪೆಗೆ ಹೋಗಿ ಗೊಬ್ಬರವಾಗುವವು.

ಪೇಟೆಯ ಅಲಂಕಾರದಲ್ಲಿ ಗೊಬ್ಬರವಾಗದ ವಸ್ತುವೇ ಹೆಚ್ಚು. ಬಿಳಿಯ ಥರ್ಮೋಕೋಲಿನಲ್ಲಿ ವಧೂವರರ ಹೆಸರುಗಳನ್ನು ಕೊರೆದು ನಿಲ್ಲಿಸುವ ವಾಡಿಕೆಯೊಂದು ಬೆಳೆದಿತ್ತು. ಅಲಂಕಾರದ ಥರ್ಮೋಕೋಲ್, ಪ್ಲಾಸ್ಟಿಕ್ ಬಾವುಟ, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಇವುಗಳನ್ನು ಭಾರತ ಸರಕಾರವು 2022ರ ಜುಲೈ 1ರಿಂದ ನಿಷೇಧಿಸಿರುವುದು. ಎರೆಹೊಲದ ಬಿರುಕಿನಲ್ಲಿ ಸೇರಿದ ಇಂಥ ಚೂರು ಎಷ್ಟು ಮಳೆ ಬಂದರೂ ಕೊಳೆಯದು. ದನದ ಹೊಟ್ಟೆ ಸೇರಿದರೆ ಪ್ರಾಣಕ್ಕೆ ಕುತ್ತು. ಹೆಸರು ಬರೆಯಲೇಬೇಕೆಂದಿದ್ದರೆ ಅರಿಷಿಣದ ಅಕ್ಕಿಕಾಳಿನಿಂದ ಬರೆಯಿರಿ, ಚೆಂಡು ಹೂವಿನ ಎಸಳಿನಿಂದ ಬರೆಯಿರಿ. ಲಗ್ನಪತ್ರಿಕೆಗೂ ಇದೇ ಮಾತು. ಮುದ್ರಣಾಲಯಗಳಿಗೆ ಹೆಸರಾದ ಗದಗವು ಹತ್ತಿರವಿರುವಾಗ ಒಂದೇ ಹಾಳೆಯ ಅಚ್ಚುಕಟ್ಟಾದ ಪತ್ರಿಕೆ ಸಾಕು. ಹತ್ತಿರದವರನ್ನು ಅಕ್ಷತೆ ಕೊಟ್ಟು ಬಾಯಿಂದ ಕರೆಯುವುದೇ ಹೆಚ್ಚಿನ ಮರ್ಯಾದೆಯು.

ಇಷ್ಟೆಲ್ಲ ಕೇಳಿದ ಮೇಲೆ ಒಂದು ಆಕ್ಷೇಪವು ಹುಟ್ಟುವುದು. “ಇದೆಲ್ಲ ಸರಿ, ಆದರೆ ಬಡವನು ಕಣಿಕಿಯ ಹಂದರ ಹಾಕಿದರೆ ಜನರು ಅವನನ್ನು ಸರಳನೆನ್ನುವರೇ? ಗತಿಯಿಲ್ಲದವನೆನ್ನುವರು. ಬೀಗರ ಮನೆಯಲ್ಲಿ ಮಗಳು ಮಾತು ಕೇಳಬೇಕಾಗುವುದು.” ಈ ಆಕ್ಷೇಪದಲ್ಲಿ ಸತ್ಯವುಂಟು. ಬಡವನು ಒಬ್ಬನೇ ಸರಳನಾಗಲಾರನು. ಅವನ ಸರಳತೆಯನ್ನು ಲೋಕವು ಬಡತನವೆಂದೇ ಓದುವುದು. ಸಿರಿವಂತನು ಕಣಿಕಿಯ ಹಂದರ ಹಾಕಿದ ದಿನ ಅದೇ ಹಂದರವು ಊರಿಗೆ ಮರ್ಯಾದೆಯಾಗುವುದು. ಆದಕಾರಣ ಉಪದೇಶವು ಬಡವನ ಬಾಗಿಲಿನಿಂದಲ್ಲ, ಗೌಡರ, ದೇಸಾಯರ, ವ್ಯಾಪಾರಿಗಳ, ದೊಡ್ಡ ನೌಕರಿಯವರ ಬಾಗಿಲಿನಿಂದ ಆರಂಭವಾಗತಕ್ಕದ್ದು. ಶಕ್ತಿಯಿದ್ದೂ ಮಿತದಲ್ಲಿ ಮದುವೆ ಮಾಡಿದ ಒಬ್ಬನು ಶಕ್ತಿಯಿಲ್ಲದ ನೂರು ಜನರನ್ನು ಋಣದಿಂದ ಉಳಿಸುವನು. ಅವನು ಉಳಿಸಿದ ಹಣಕ್ಕೆ ದಾರಿಯೂ ಉಂಟು. ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಅವರ ಹೆಸರನ್ನು ಇಂದಿಗೂ ಜನರು ಕೃತಜ್ಞತೆಯಿಂದ ನೆನೆಯುವರು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಯ ಕಥೆಯನ್ನು ಕೇಳದ ಶರಣರಿಲ್ಲ. ಎಂಟು ನೂರು ವರುಷಗಳು ಮೀರಿದರೂ ಆ ಮದುವೆಯ ನೆನಪು ಅಳಿದಿಲ್ಲ. ಅದರ ಹಂದರ ಎಷ್ಟು ಕಂಬಗಳದಾಗಿತ್ತು, ತೋರಣ ಯಾವ ಹೂವಿನದಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಕುಲದ ಗೋಡೆಯನ್ನು ದಾಟಿ ಎರಡು ಮನೆತನಗಳು ಒಂದಾದುವೆಂಬುದನ್ನೂ, ಅದಕ್ಕಾಗಿ ತಂದೆಗಳಿಬ್ಬರೂ ಪ್ರಾಣವನ್ನು ತೆತ್ತರೆಂಬುದನ್ನೂ ಮಾತ್ರ ನೆನೆಯುವರು. ಮದುವೆಯ ಹಿರಿಮೆಯು ಎಲ್ಲಿರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಒಂದು ಕೈಯಿಂದ ಕಣಿಕಿಯ ಹಂದರ ಹಾಕಿ ಇನ್ನೊಂದು ಕೈಯಿಂದ ವರದಕ್ಷಿಣೆ ಎಣಿಸುವವನ ಸರಳತೆಯು ಆಷಾಢಭೂತಿತನವು; ವರದಕ್ಷಿಣೆಯು 1961ರ ಕಾಯಿದೆಯಂತೆ ಅಪರಾಧವೂ ಆಗಿರುವುದು.

ಮಠಗಳಿಗೂ ಇದರಲ್ಲಿ ಕರ್ತವ್ಯವುಂಟು. ಧರ್ಮಸ್ಥಳದಲ್ಲಿ 1972ರಲ್ಲಿ ಮೊದಲಾದ ಸಾಮೂಹಿಕ ವಿವಾಹಗಳು ಕನ್ನಡ ನಾಡಿಗೆ ಒಂದು ದಾರಿಯನ್ನು ತೋರಿದವು. ಈ ಸೀಮೆಯ ಮಠಗಳ ಜಾತ್ರೆಗಳಲ್ಲಿಯೂ ಅಂಥ ಮದುವೆಗಳು ನಡೆಯುವವು. ವಧುವಿಗೆ 18, ವರನಿಗೆ 21 ವರುಷ ತುಂಬಿರುವುದನ್ನು ಕಾಗದಪತ್ರಗಳಿಂದ ನೋಡಿಯೇ ಅಕ್ಷತೆ ಹಾಕತಕ್ಕದ್ದು. ಮನೆಯ ಮುಂದೆಯೇ ಮದುವೆಯಾಗಬೇಕೆನ್ನುವವರಿಗೂ ಮಠವು ನೆರವಾಗಬಲ್ಲುದು. ಬಿದಿರು ಗಳಗಳು, ಹಗ್ಗ, ಜಮಖಾನೆ, ಸಮೆ, ಹಿತ್ತಾಳೆಯ ಕಲಶಗಳು, ದೊಡ್ಡ ಹಂಡೆಗಳು, ಇವುಗಳನ್ನು ಊರಿಗೊಂದು ಜೊತೆಯಾಗಿ ಕೂಡಿಟ್ಟು, ಒಯ್ದವರು ತೊಳೆದು ಒರೆಸಿ ಮರಳಿ ತರುವ ಕಟ್ಟಳೆಯನ್ನು ಮಾಡಿದರೆ ಪ್ರತಿಯೊಂದು ಮದುವೆಗೂ ಬಾಡಿಗೆಯು ಉಳಿಯುವುದು. ಮದುವೆಯಾದ ಪ್ರತಿ ಮನೆಯವರೂ ತಮ್ಮ ಶಕ್ತ್ಯನುಸಾರ ಒಂದು ಸಮೆಯನ್ನೋ ಒಂದು ಕೊಡವನ್ನೋ ಆ ಭಂಡಾರಕ್ಕೆ ಸೇರಿಸಿದರೆ ಅದು ವರುಷವರುಷಕ್ಕೂ ಬೆಳೆಯುವುದು. ಮಹೋತ್ಸವದ ನೆನಪಿಗಾಗಿ ಕಲ್ಲಿನ ಕಮಾನು ಕಟ್ಟುವ ಊರುಗಳುಂಟು. ಇಂಥ ಭಂಡಾರವೂ ಒಂದು ಸ್ಮಾರಕವೇ. ಇದರ ಕೆಳಗೆ ಮದುಮಕ್ಕಳು ಕುಳಿತೇಳುವರು.

ಹೊಂಬಳದ ಶರಣ ಬಂಧುಗಳೇ, ಹಂದರವು ಮನೆಯ ಮುಂದೆ ಇರುವುದು ಎರಡು ದಿನ. ಸಾಲವು ಮನೆಯ ಒಳಗೆ ಇರುವುದು ಹಲವು ವರುಷ. ಎರಡು ದಿನದ ನೆರಳಿಗಾಗಿ ಹಲವು ವರುಷದ ಬಿಸಿಲನ್ನು ಕೊಳ್ಳಬೇಡಿರಿ. ಉಳ್ಳವರು ಮುಂದಾಗಲಿ, ಇಲ್ಲದವರು ಅಂಜದಿರಲಿ, ಕೈಗೆಲಸದವರಿಗೆ ತಕ್ಕ ಕೂಲಿ ಸಲ್ಲಲಿ, ಹೆಣ್ಣುಗಂಡೆಂಬ ಭೇದವಿಲ್ಲದೆ ಎಲ್ಲರ ಕೈಗಳೂ ಹಂದರಕ್ಕೆ ತಗಲಲಿ. ಹಾಗೆ ಕಟ್ಟಿದ ತೋರಣದ ಕೆಳಗೆ ಕೈಹಿಡಿದ ದಂಪತಿಗಳು ಋಣಮುಕ್ತರಾಗಿ ಕಾಯಕದಲ್ಲಿ ನಿಂತು, ದಾಸೋಹದಲ್ಲಿ ಬೆಳೆದು, ಲಿಂಗಪೂಜಾನಿರತರಾಗಿ ಬಾಳಲಿ.